ದ್ವಾರಪಾಲಕನಾದ ದೊರೆ

ಹೋದ ತಿಂಗಳು ಬೆಟ್ಟದಪುರದಲ್ಲಿ ಪುಟ್ಟಮ್ಮನವರ ತಿಥಿ. ಊಟ ಮುಗಿಸಿ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಾಗ ಯಾರೋ ದೊರೆಯ ಮಾತು ತೆಗೆದರು. ಅವನು ಜರ್ಮನಿಯವನು ಎಂದು ಒಬ್ಬರು ಹೇಳಿದರೆ ರಷ್ಯಾದವನು ಎಂದು ಇನ್ನೊಬ್ಬರು. ಮೂರನೆಯವರು ಪಕ್ಕಾ ಲಂಡನ್ನಿನವನೇ ಎಂದು ಎಲೆಗೆ ಸುಣ್ಣ ಹಚ್ಚುತ್ತಲೇ ಆಣೆ ಹಾಕಿದರು. ಮೂಲೆಯಲ್ಲಿ ಒರಗಿದ್ದ ಮುದುಕರೊಬ್ಬರು, "ಅವ್ನು ನಮ್ಮೂರೋನೇ ಕಣ್ರಯ್ಯಾ, ಬಣ್ಣ ಒಂದು ಬ್ಯಾರೆ" ಎಂದರು. ಜಗಳ ಕಡೆಗೆ ನನ್ನ ಬಳಿಗೆ ಬಂತು. ಆ ಕಾಲದಲ್ಲಿ ನಾನು ಊರಿನ ಶಾಲೆಯ ಮೇಷ್ಟ್ರು. ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಅವನನ್ನು ಊರಿಗೆ ಬರಮಾಡಿಕೊಂಡವನೂ ನಾನೇ.

"ನೀವೇ ಏಳಿ ಮೇಷ್ಟ್ರೇ, ಯಾವ ದೇಸದೋನು?"

ನನಗೆ ಗೊತ್ತಿಲ್ಲ ಎಂದೆ. ಯಾರೂ ನಂಬಲಿಲ್ಲ. ಅವನು ಈಗ ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಹೆಸರಂತೂ ಆಗಲೇ ನನ್ನ ನಾಲಿಗೆಗೆ ಸಿಕ್ಕಿರಲಿಲ್ಲ. ಅದರಲ್ಲಿ ಸ್ವರಗಳೇ ಇರಲಿಲ್ಲ. ಕನ್ನಡದಲ್ಲಿ ಬರೆಯಲು ಹೋದರೆ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿದು ಮುಂದಿನ ಸಾಲಿಗೆ ತಗಲುತ್ತಿದ್ದವು. ಹಾಗಾಗಿ ಬಿಳಿಯರೆಲ್ಲರನ್ನೂ ಕರೆಯುವಂತೆ ಊರು ಅವನನ್ನೂ ದೊರೆ ಎಂದಿತು. ಮಿಕ್ಕ ದೊರೆಗಳಿಗೂ ಇವನಿಗೂ ಒಂದೇ ವ್ಯತ್ಯಾಸ. ಅವರನ್ನು "ದೊರೆಗಳೇ" ಎನ್ನುತ್ತಿದ್ದರು, ಇವನನ್ನು "ಲೇ ದೊರೆ" ಎನ್ನುತ್ತಿದ್ದರು.

ಅವನು ಬಂದದ್ದು ಮೂರು ತಿಂಗಳಿಗೆಂದು. ಯೂರೋಪಿನ ಯಾವುದೋ ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಸಂಗೀತ, ನಾಟಕಗಳನ್ನು ಓದುತ್ತಿದ್ದ. ಪರದೇಶದ ಒಂದು ಕಲೆಯನ್ನು ಗುರುಮುಖದಿಂದ ಕಲಿತು, ಕಲಿತಾಯಿತು ಎಂದು ಗುರುವಿನ ಬಾಯಲ್ಲೇ ಅನ್ನಿಸಿಕೊಂಡರೆ ಮಾತ್ರ ಅಲ್ಲಿ ಪದವಿಯಂತೆ. ವೀಣೆ ಕಲಿಯುತ್ತೇನೆಂದು ಮೈಸೂರಿಗೆ ಬಂದು ಒಬ್ಬ ವಿದ್ವಾಂಸರ ಬಾಗಿಲಲ್ಲಿ ನಿಂತ. ಅವರು, "ಪದದ ಅರ್ಥ ತಿಳಿಯದವನಿಗೆ ನಾನು ಪಾಠ ಹೇಳುವುದಿಲ್ಲ. ಮೊದಲು ಕನ್ನಡ ಕಲಿತು ಬಾ" ಎಂದರು. ಎಲ್ಲಿ ಕಲಿಯಲಿ ಎಂದು ಕೇಳಿದ್ದಕ್ಕೆ ಅವರ ಮನೆಯ ಅಡಿಗೆಯವರು ನಮ್ಮ ಊರಿನ ಹೆಸರು ಹೇಳಿದರು, ಏಕೆಂದರೆ ಅದು ಅವರ ಊರು. ಹೀಗೆ ಒಂದು ಮಧ್ಯಾಹ್ನ ತಗಡಿನ ಪೆಟ್ಟಿಗೆ, ದೊಡ್ಡದೊಂದು ಛತ್ರಿ, ಬಿಸಿಲಿಗೆ ಸೀಗಡಿಯಂತೆ ಕೆಂಪಾದ ಮೂಗು, ಇವಿಷ್ಟನ್ನೂ ಎತ್ತಿನ ಗಾಡಿಯಿಂದ ಇಳಿಸಿಕೊಂಡು ಶಾಲೆಯ ಮುಂದೆ ನಿಂತ.

ನಾನು ಅ ಆ ಇ ಈಯಿಂದ ಶುರುಮಾಡಿದೆ. ಮಕ್ಕಳ ಜೊತೆ ನೆಲದ ಮೇಲೆ ಕೂತು ಮರಳಿನಲ್ಲಿ ತಿದ್ದಿದ. ಆದರೆ ನಮ್ಮ ಶಾಲೆಯ ಹಿಂದೆಯೇ ಚಿಕ್ಕೇಗೌಡರ ಹೊಗೆಸೊಪ್ಪು ಒಣಹಾಕುವ ಚಪ್ಪರ. ಚಿಕ್ಕೇಗೌಡರು ಊರಿನ ಬಯಲಾಟದ ಭಾಗವತರು. ಒಕ್ಕಲುತನ ಬಿಡುವಾದಾಗ ಅದೇ ಚಪ್ಪರದ ಕೆಳಗೆ ಆಟದ ಅಭ್ಯಾಸ ನಡೆಯುತ್ತಿತ್ತು. ನಾನು ಕಾಗುಣಿತಕ್ಕೆ ಬರುವ ಹೊತ್ತಿಗೆ ಆ ಕಡೆಯಿಂದ ಮುಖವೀಣೆ ಊದುವ ಸದ್ದು ಬಂತು. ದೊರೆ ಎದ್ದು ಹೋದ. ಮತ್ತೆ ನನ್ನ ಕಾಗುಣಿತಕ್ಕೆ ಬರಲೇ ಇಲ್ಲ. ಮೈಸೂರಿನ ವಿದ್ವಾಂಸರು ಅವನಿಗಾಗಿ ಎಷ್ಟು ಕಾಲ ಕಾದರೋ.

ಹಾಗೆಂದು ಅವನು ಕನ್ನಡ ಕಲಿಯಲಿಲ್ಲ ಎನ್ನುವಂತಿಲ್ಲ. ಕಲಿತ. ಚೆನ್ನಾಗಿಯೇ ಕಲಿತ. ಆದರೆ ಪೂರ್ತಿ ಬಯಲಾಟದ ವಚನಗಳಿಂದ, ಅಂದರೆ ವೇಷದವರು ಆಡುವ ಮಾತುಗಳಿಂದ ಕಲಿತ. ಲೋಕದಲ್ಲಿ ಇನ್ನೊಂದು ಕನ್ನಡವೂ ಉಂಟು ಎಂಬುದು ಅವನಿಗೆ ತಿಳಿದಿರಲಿಲ್ಲವೋ, ತಿಳಿದೂ ಬೇಡವೆಂದನೋ. ಪಿರಿಯಾಪಟ್ಟಣದ ಸಂತೆಯಲ್ಲಿ ಬದನೆಕಾಯಿ ಗುಡ್ಡೆಯ ಮುಂದೆ ಎದೆ ಸೆಟೆಸಿ ನಿಂತು, ಒಂದು ಕೈಯನ್ನು ಆಕಾಶಕ್ಕೆ ಎತ್ತಿ, "ಎಲೈ ತರಕಾರಿಯನ್ನು ಮಾರುವಂಥ ತಾಯೇ! ಈ ನೀಲವರ್ಣದ ಬದನೆಯ ಬೆಲೆ ಏನಿರುವುದು? ಇದ್ದುದನ್ನು ಇದ್ದ ಹಾಗೆ ಅರುಹುವಂಥವಳಾಗು!" ಎಂದು ಗರ್ಜಿಸಿದ. ಆಕೆ ಎದ್ದು ನಿಂತು ಕೈಮುಗಿದಳು. "ಅಯ್ಯೋ, ಸುಮ್ಕೆ ತಗೊಂಡೋಗಿ ಸ್ವಾಮಿ, ಮಕ್ಳೊಂದಿಗಳು" ಎಂದಳು. ಆಮೇಲೆ ಸಂತೆಗೆ ನಾನೇ ಜೊತೆಗೆ ಹೋಗಬೇಕಾಯಿತು.

ಇದ್ದದ್ದು ಚಿಕ್ಕೇಗೌಡರ ಮನೆಯಲ್ಲೇ. ಪುಟ್ಟಮ್ಮನವರು ಅವರ ಹೆಂಡತಿ. ಮಕ್ಕಳಿರಲಿಲ್ಲ. ಮೊದಲ ದಿನ ಮುದ್ದೆಯನ್ನು ಹೇಗೆ ನುಂಗಬೇಕೆಂದು ಆಕೆ ತಾನೇ ನುಂಗಿ ತೋರಿಸಿದರು. ದೊರೆ ತಲೆಯಾಡಿಸಿ, ಮುದ್ದೆಯನ್ನು ಕೈಗೆತ್ತಿಕೊಂಡು, ಸೇಬಿನ ಹಣ್ಣಿನಂತೆ ಕಚ್ಚಿ ಅಗಿಯುತ್ತ ಕೂತ. ಸಂಜೆ ಹೊಟ್ಟೆ ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಕಟಕಟಾ! ಎನ್ನ ಉದರದಲ್ಲಿ ರಣರಂಗವೇ ಏರ್ಪಟ್ಟಿರುವುದಲ್ಲಾ ತಾಯೇ!" ಎಂದ.

"ಅಗಿಬ್ಯಾಡ ಅಂತ ಏಳಿಲ್ವಾ? ಅಗ್ದು ತಿನ್ನಕೆ ಅದೇನು ಕಬ್ಬಾ?" ಎಂದು ಪುಟ್ಟಮ್ಮ ಗದರಿಕೊಂಡು ಜೀರಿಗೆ ಕಷಾಯ ಕಾಯಿಸಿದರು. ನುಂಗುವುದನ್ನು ಕಲಿಯುವವರೆಗೂ ಆಕೆ ಅವನ ಮುದ್ದೆಯನ್ನು ಗೋಲಿಯಷ್ಟು ಸಣ್ಣದಾಗಿ ಕಟ್ಟಿ ತಟ್ಟೆಯ ತುಂಬ ಸಾಲಾಗಿ ಜೋಡಿಸುತ್ತಿದ್ದರು.

ಚಿಕ್ಕೇಗೌಡರ ಪಾಠದ ಕ್ರಮವೇ ಬೇರೆ. ಅವರಿಗೆ ಒಂದು ಆಟವಷ್ಟೇ ಬರುತ್ತಿತ್ತು. ಮಾವರಾಜ, ಅಳಿಯರಾಜ ಇಬ್ಬರಿಗೂ ಒಂದು ಕುದುರೆಯ ದೆಸೆಯಿಂದ ಮನಸ್ತಾಪ ಬಂದು ಕಡೆಗೆ ಯುದ್ಧವಾಗುವ ಕಥೆ. ಅವರ ಅಪ್ಪ ಆಡಿಸುತ್ತಿದ್ದದ್ದೂ ಅದೇ. ದೊರೆ ಬಂದ ವರ್ಷ ಅವನಿಗೆ ಕೊಟ್ಟದ್ದು ಮಾವರಾಜನ ಅರಮನೆಯ ದ್ವಾರಪಾಲಕನ ಪಾತ್ರ. ದ್ವಾರಪಾಲಕ ಆಟದ ಉದ್ದಕ್ಕೂ ಕೋಲು ಹಿಡಿದು ನಿಂತಿರಬೇಕು. ಯಾರಾದರೂ ಬಂದರೆ ಕೋಲು ಅಡ್ಡ ಹಿಡಿದು ಒಂದೇ ಮಾತು ಹೇಳಬೇಕು: "ಯಾರು ನೀನು? ಯಾವ ದೇಶದವನು? ಈ ಬಾಗಿಲಿಗೆ ಏತಕ್ಕಾಗಿ ಬಂದೆ?"

"ಗುರುವರ್ಯರೇ, ನಾನು ರಾಜನಾಗುವುದು ಎಂದು?" ಎಂದು ಕೇಳಿದ.

"ಮೊದ್ಲು ನಿಂತ್ಕೊಳದು ಕಲಿ" ಎಂದರು ಚಿಕ್ಕೇಗೌಡರು.

ಅವನು ನಿಂತುಕೊಳ್ಳುವುದನ್ನು ಕಲಿತ. ಹಿತ್ತಿಲಲ್ಲಿ ಕೋಲು ಹಿಡಿದು ನಿಂತುಬಿಟ್ಟರೆ ಕೋಳಿಗಳು ಅವನ ಪಾದದ ಮೇಲೆ ಹತ್ತಿ ಇಳಿಯುತ್ತಿದ್ದವು. ಚುಂಚನಕಟ್ಟೆಯಲ್ಲಿ ಒಮ್ಮೆ ಆಟಕ್ಕೆ ಕರೆದಿದ್ದರು. ಸಂಜೆ ಬೆಳಕಿರುವಾಗಲೇ ವೇಷ ಕಟ್ಟಿಕೊಂಡು ದೊರೆ ರಂಗದ ಪಕ್ಕ ತನ್ನ ಜಾಗದಲ್ಲಿ ನಿಂತಿದ್ದ. ಗದ್ದೆಯಿಂದ ಬಂದ ಮುದುಕಿಯೊಬ್ಬಳು ಅವನನ್ನು ನೋಡಿ, ಊರಿನವರು ಹೊಸದಾಗಿ ನಿಲ್ಲಿಸಿದ ದೇವರು ಎಂದುಕೊಂಡು ಪಾದಕ್ಕೆ ಹೂವಿಟ್ಟು, ಒಂದು ತೆಂಗಿನಕಾಯನ್ನೂ ಅಲ್ಲೇ ಕಲ್ಲಿಗೆ ಒಡೆದಳು. ದೊರೆ ರೆಪ್ಪೆ ಮಿಟುಕಿಸಲಿಲ್ಲ. ಅವಳು ಸೊಸೆಯ ಮೇಲಿನ ದೂರನ್ನೆಲ್ಲ ಅವನಿಗೆ ಹೇಳಿಕೊಂಡಳು. ಅವಳು ಹೋದ ಮೇಲೆ, ಯಾಕೋ ಮಾತಾಡಲಿಲ್ಲ ಎಂದು ನಾನು ಕೇಳಿದೆ.

"ಆಕೆ ಬಾಗಿಲಿಗೆ ಬರಲಿಲ್ಲವಲ್ಲ" ಎಂದ. "ಬಂದಿದ್ದರೆ ಕೇಳುತ್ತಿದ್ದೆನು."

ಅವನ ವೇಷದ್ದೇ ಒಂದು ಕಥೆ. ನಮ್ಮ ಮೇಳದ ಕಿರೀಟಗಳನ್ನೆಲ್ಲ ಮಾಡುತ್ತಿದ್ದವರು ಹುಣಸೂರಿನ ಬುಡನ್ ಸಾಬರು. ತಗಡಿನ ಕೆಲಸದವರು. ದೊರೆಯ ತಲೆಗೆ ಇದ್ದ ಯಾವ ಕಿರೀಟವೂ ಇಳಿಯಲಿಲ್ಲ. ಬುಡನ್ ಸಾಬರು ನೂಲಿನಿಂದ ಅವನ ತಲೆಯ ಸುತ್ತಳತೆ ತೆಗೆದು, ನೂಲನ್ನು ನೋಡಿ, ತಲೆಯನ್ನು ನೋಡಿ, "ಯಾ ಅಲ್ಲಾ, ಇದ್ಕೆ ಕೊಳಗದ ಅಳತೆನೇ ಸೈ" ಎಂದರು. ಸೀಮೆಎಣ್ಣೆ ಡಬ್ಬವೊಂದನ್ನು ಬಿಚ್ಚಿ ಬಡಿದು ಶಿರಸ್ತ್ರಾಣ ಮಾಡಿ ಕೊಟ್ಟರು. ಬೇಗಡೆ ಕಾಗದ ಅಂಟಿಸಿದ್ದರಿಂದ ಹೊರಗೆ ಥಳಥಳ ಎನ್ನುತ್ತಿತ್ತು. ಹಾಕಿಕೊಂಡವನಿಗೆ ಮಾತ್ರ ಒಂದು ವಾರ ತಲೆಯಲ್ಲಿ ಸೀಮೆಎಣ್ಣೆ ವಾಸನೆ.

ಮುಖದ ಬಣ್ಣದ ಬಗ್ಗೆ ಮೇಳದಲ್ಲಿ ಪಂಚಾಯಿತಿಯೇ ಆಯಿತು. ರಾಜರಿಗೆ ಅರದಾಳದ ಬಣ್ಣ ಬಳಿದು ಮುಖ ಬೆಳ್ಳಗೆ ಹೊಳೆಯುವಂತೆ ಮಾಡುವುದು ಪದ್ಧತಿ. ಇವನೋ ತೊಳೆದ ಮುಖದಲ್ಲೇ ಇಬ್ಬರು ರಾಜರಿಗಿಂತಲೂ ಹೊಳೆಯುತ್ತಿದ್ದ. ಬಾಗಿಲು ಕಾಯುವವನು ಒಳಗಿರುವ ರಾಜನಿಗಿಂತ ಬೆಳ್ಳಗಿದ್ದರೆ ಜನ ಯಾರಿಗೆ ಕೈಮುಗಿಯಬೇಕು? ಚಿಕ್ಕೇಗೌಡರು ತೀರ್ಮಾನ ಕೊಟ್ಟರು. ಇದ್ದಿಲನ್ನು ಅರೆದು ಹರಳೆಣ್ಣೆಯಲ್ಲಿ ಕಲಸಿ ಅವನ ಮುಖಕ್ಕೆ ಬಳಿದರು. ಅಂದಿನಿಂದ ಆಟ ಇದ್ದಾಗಲೆಲ್ಲ ನಮ್ಮ ಊರಿನಲ್ಲಿ ಎಲ್ಲರಿಗಿಂತ ಕಪ್ಪಗೆ ಇರುತ್ತಿದ್ದವನು ದೊರೆಯೇ.

ಅವನಂಥ ಶಿಷ್ಯನನ್ನು ನಾನು ಮತ್ತೆ ನೋಡಲಿಲ್ಲ. ನನ್ನ ಮೂವತ್ತು ವರ್ಷದ ಮೇಷ್ಟ್ರುಗಿರಿಯಲ್ಲಿ ನಾನು ಹೇಳಿಕೊಟ್ಟದ್ದರಲ್ಲಿ ಅರ್ಧವನ್ನಾದರೂ ಕಲಿತ ಹುಡುಗರೇ ಕಡಿಮೆ. ಇವನು ಹೇಳಿಕೊಡದ್ದನ್ನೂ ಕಲಿತ. ಚಿಕ್ಕೇಗೌಡರಿಗೆ ಹೊಗೆಸೊಪ್ಪಿನ ಚಟ, ಅದರಿಂದ ಬಂದ ಗಂಟಲ ಕೆಮ್ಮು. ಮಾವರಾಜ ಒಡ್ಡೋಲಗಕ್ಕೆ ಬರುವ ಪದದ ಎರಡನೆಯ ಸಾಲು ಮೇಲಕ್ಕೆ ಏರುವಾಗ ಅವರಿಗೆ ತಪ್ಪದೆ ಕೆಮ್ಮು ಬರುತ್ತಿತ್ತು. ದೊರೆ ಆ ಪದವನ್ನು ಒಪ್ಪಿಸುವಾಗ ಅದೇ ಜಾಗದಲ್ಲಿ, ಅದೇ ದನಿಯಲ್ಲಿ ಕೆಮ್ಮಿದ.

"ಕೆಮ್ಮು ಪದದಾಗಿಲ್ಲ ಕಣ್ಲಾ" ಎಂದರು ಚಿಕ್ಕೇಗೌಡರು.

"ಗುರುವರ್ಯರೇ, ಅಲ್ಲಿ ಕೆಮ್ಮದಿದ್ದರೆ ತಾಳವು ತಪ್ಪುವುದಲ್ಲಾ!"

ಚಿಕ್ಕೇಗೌಡರು ಮನಸ್ಸಿನಲ್ಲೇ ಹಾಡಿಕೊಂಡು ನೋಡಿದರು. ಬೆರಳಿನಲ್ಲಿ ತಾಳ ಹಾಕಿದರು. ಇನ್ನೊಂದು ಸಲ ಹಾಕಿದರು. ಕೆಮ್ಮು ತೆಗೆದರೆ ನಿಜವಾಗಿಯೂ ಒಂದು ಪೆಟ್ಟು ಕಡಿಮೆ ಬೀಳುತ್ತಿತ್ತು. "ನಮ್ಮಪ್ಪಂಗೂ ಕೆಮ್ಮಿತ್ತು" ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಒಂದೊಂದೇ ಪದ, ಒಂದೊಂದೇ ವಚನ ಎಂದು ದೊರೆಗೆ ಇಡೀ ಆಟ ಬಾಯಿಗೆ ಬಂತು. ಉಳಿದದ್ದು ಯುದ್ಧ ಒಂದೇ. ಯುದ್ಧದ ಪದಗಳನ್ನು ಚಿಕ್ಕೇಗೌಡರು ಯಾರಿಗೂ ಸುಲಭವಾಗಿ ಹೇಳಿಕೊಡುತ್ತಿರಲಿಲ್ಲ. ಅದಾದರೆ ಕಲಿತಾಯಿತು ಎಂದು ಅವರು ಹೇಳುತ್ತಾರೆ, ದೊರೆಗೆ ಪದವಿ ಸಿಗುತ್ತದೆ, ಅವನು ಊರಿಗೆ ಹೊರಡುತ್ತಾನೆ. ಇದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿಯೇ ಇರಬೇಕು, ಬಿತ್ತನೆ ಮುಗಿಯಲಿ ಎಂದರು, ಕಳೆ ಮುಗಿಯಲಿ ಎಂದರು, ಹೊಗೆಸೊಪ್ಪು ಕುಯ್ಲು ಆಗಲಿ ಎಂದರು. ಪುಟ್ಟಮ್ಮನವರೂ ಗಂಡನಿಗೆ ಅವಸರ ಮಾಡಲಿಲ್ಲ.

ಅಷ್ಟರಲ್ಲಿ ಯೂರೋಪಿನಲ್ಲಿ ಯುದ್ಧ ಶುರುವಾಯಿತು.

ಅದು ನಮಗೆ ತಿಳಿದದ್ದು ಹುಣಸೂರಿನ ಅಮಲ್ದಾರರು ನಮ್ಮ ಊರಿಗೆ ಬಂದಾಗ. ಅವತ್ತು ಬೆಳಗ್ಗೆ ಬುಡನ್ ಸಾಬರು ಹೊಸ ಭುಜಕೀರ್ತಿಗಳನ್ನು ತಂದಿದ್ದರು. ಅಳತೆ ನೋಡಲೆಂದು ಎಲ್ಲರೂ ವೇಷ ಕಟ್ಟಿಕೊಂಡು ಚಪ್ಪರದಲ್ಲಿದ್ದರು. ಶಾಲೆಗೆ ರಜ ಇತ್ತಾದ್ದರಿಂದ ನಾನೂ ಇದ್ದೆ. ದೊರೆ ಮುಖಕ್ಕೆ ಇದ್ದಿಲು ಬಳಿದುಕೊಂಡು, ಡಬ್ಬದ ಶಿರಸ್ತ್ರಾಣ ಹಾಕಿಕೊಂಡು ಚಪ್ಪರದ ಬಾಯಲ್ಲಿ ಕೋಲು ಹಿಡಿದು ನಿಂತಿದ್ದ. ಕಾರು ನಿಂತಿತು. ಜರಿಪೇಟದ ಅಮಲ್ದಾರರು ಇಳಿದು, ಹಿಂದೆ ಒಬ್ಬ ದಫೇದಾರನನ್ನು ಇಟ್ಟುಕೊಂಡು ಒಳಗೆ ಬರಲು ಕಾಲಿಟ್ಟರು. ಕೋಲು ಅಡ್ಡ ಬಂತು.

"ಯಾರು ನೀನು? ಯಾವ ದೇಶದವನು? ಈ ಬಾಗಿಲಿಗೆ ಏತಕ್ಕಾಗಿ ಬಂದೆ?"

ಆ ಗಂಟಲಿಗೆ ಅಮಲ್ದಾರರು ಎರಡು ಹೆಜ್ಜೆ ಹಿಂದೆ ಸರಿದರು. "ನಾನು... ನಾನು ಹುಣಸೂರಿನ ಅಮಲ್ದಾರ" ಎಂದುಬಿಟ್ಟರು. "ಇಲ್ಲಿ ಪರದೇಶದವರೊಬ್ಬರು ಇದ್ದಾರಂತೆ, ಅವರನ್ನು ನೋಡಬೇಕಾಗಿತ್ತು."

"ಒಳಗೆ ಹೋಗುವಂಥವನಾಗು" ಎಂದು ದೊರೆ ಕೋಲು ಎತ್ತಿದ.

ಅವರು ಒಳಗೆ ಬಂದು ಎಲ್ಲ ಮುಖಗಳನ್ನೂ ನೋಡಿದರು. ಅರದಾಳ ಬಳಿದುಕೊಂಡ ಮಾವರಾಜನ ಮುಂದೆ ನಿಂತು ಅನುಮಾನದಿಂದ ದಿಟ್ಟಿಸಿದರು. ಮಾವರಾಜ ಎಂದರೆ ನಮ್ಮ ಊರಿನ ಕುಂಬಾರರವನು. "ನಾನಲ್ಲ ಸ್ವಾಮಿ, ಬಾಗ್ಲಲ್ಲಿ ಬುಟ್ಟು ಬಂದ್ರಲ್ಲ, ಅವ್ನೇಯ" ಎಂದ.

ಅಮಲ್ದಾರರು ಒಳ್ಳೆಯ ಮನುಷ್ಯರು. ಮೊದಲು ಕೂತು, ಪುಟ್ಟಮ್ಮ ಕೊಟ್ಟ ಮಜ್ಜಿಗೆ ಕುಡಿದು, ದೊರೆಯನ್ನು ಎದುರಿಗೆ ಕರೆಸಿಕೊಂಡರು. ಗಂಟಲು ಸರಿಮಾಡಿಕೊಂಡು ಕೇಳಿದರು:

"ನೋಡಿ, ಯುದ್ಧ ಶುರುವಾಗಿದೆ. ನನಗೆ ಮೇಲಿನಿಂದ ಹುಕುಂ ಬಂದಿದೆ. ನೀವು ಯಾರು? ಯಾವ ದೇಶದವರು? ಇಲ್ಲಿಗೆ ಯಾಕೆ ಬಂದಿರಿ?"

ದೊರೆಯ ಇದ್ದಿಲು ಮುಖದಲ್ಲಿ ಕಣ್ಣುಗಳು ಅರಳಿದವು. ಎರಡು ವರ್ಷ ಬಂದಬಂದವರನ್ನೆಲ್ಲ ಅವನು ಈ ಪ್ರಶ್ನೆ ಕೇಳಿದ್ದ. ಅವನನ್ನು ಒಬ್ಬರೂ ಕೇಳಿರಲಿಲ್ಲ. ಬಯಲಾಟದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವನು ರಾಜ ಮಾತ್ರ. ಅವನು ಕೋಲನ್ನು ಪಕ್ಕಕ್ಕೆ ಒರಗಿಸಿ, ಒಂದು ಸುತ್ತು ಕುಣಿದು ಬಂದು ನಿಂತ. ಮುಖವೀಣೆಯವನ ಕೈ ತನಗೆ ತಾನೇ ಮುಖವೀಣೆಗೆ ಹೋಯಿತು. ಚಿಕ್ಕೇಗೌಡರು ತಾಳ ಎತ್ತಿದರು.

"ಅಯ್ಯಾ ಅಮಲ್ದಾರನೇ, ಚಿತ್ತವಿಟ್ಟು ಕೇಳುವಂಥವನಾಗು! ಏಳು ಸಮುದ್ರದ ಆಚೆ, ಹಿಮ ಸುರಿಯುವಂಥ ಒಂದು ಪಟ್ಟಣವುಂಟು. ನಾನು ಹುಟ್ಟಿದಾಗ ಆ ಪಟ್ಟಣಕ್ಕೆ ಒಬ್ಬ ಚಕ್ರವರ್ತಿ ಇದ್ದನು. ನನ್ನ ಹಾಲುಹಲ್ಲುಗಳು ಬೀಳುವ ಕಾಲಕ್ಕೆ ಆ ಚಕ್ರವರ್ತಿಯೂ ಬಿದ್ದನು. ಪಟ್ಟಣವು ಇದ್ದಲ್ಲೇ ಇತ್ತು, ದೇಶವು ಎದ್ದು ಹೋಯಿತು. ಶಾಲೆಯಲ್ಲಿ ನನಗೆ ಬೇರೊಂದು ಬಾವುಟವನ್ನು ತೋರಿಸಿ ಇದು ನಿನ್ನದು ಎಂದರು, ಆಗಲೆಂದೆನು. ಈಗ ಇನ್ನೊಬ್ಬನು ದಂಡು ಕಟ್ಟಿ ಬಂದು ಅದನ್ನೂ ಇಳಿಸಿರುವನಂತೆ. ಪಟ್ಟಣವು ಈಗಲೂ ಅಲ್ಲೇ ಇರುವುದು. ನನ್ನ ತಾಯಿಯು ಅದೇ ಮನೆಯಲ್ಲಿ, ಅದೇ ಕಿಟಕಿಯ ಬಳಿಯಲ್ಲಿ, ಮೂರನೆಯ ದೇಶದಲ್ಲಿ ಕುಳಿತಿರುವಳು. ಹೀಗಿರುವಲ್ಲಿ ನಾನು ಯಾವ ದೇಶದವನು ಎಂಬುದನ್ನು ನೀನೇ ವಿಚಾರಿಸಿ ನನಗೆ ಅರುಹುವಂಥವನಾಗು!"

"ಭಲಾ!" ಎಂದುಬಿಟ್ಟರು ಬುಡನ್ ಸಾಬರು.

ಅಮಲ್ದಾರರು ಪೇಟ ತೆಗೆದು ತಲೆ ಕೆರೆದುಕೊಂಡರು. ದಫೇದಾರನ ಮುಖ ನೋಡಿದರು. ಅವನು ಬಗ್ಗಿ ಅವರ ಕಿವಿಯಲ್ಲಿ, ಎಲ್ಲರಿಗೂ ಕೇಳುವಂತೆ, "ಮೂರು ದೇಸ ಅಂತಾನೆ ಸ್ವಾಮಿ. ಮೂರ್ರಲ್ಲಿ ಯಾವ್ದಾರ ಒಂದು ನಮ್ ಸತ್ರು ಆಗೇ ಆಗಿರ್ತದೆ" ಎಂದ. ಅಮಲ್ದಾರರು ಪೇಟವನ್ನು ಮತ್ತೆ ಇಟ್ಟುಕೊಂಡು ಎದ್ದರು.

ಕರೆದುಕೊಂಡು ಹೋಗಬೇಕು ಎಂದಾಗ ಚಿಕ್ಕೇಗೌಡರು ಅಡ್ಡ ಬಂದರು. "ಯುದ್ಧ ಒಂದು ಬಾಕಿ ಐತೆ ಸ್ವಾಮಿ. ಅದೊಂದು ಏಳ್ಕೊಟ್ಬುಡ್ತೀನಿ, ಆಮ್ಯಾಕೆ ಕರ್ಕೊಂಡೋಗಿ."

"ಯಾವ ಯುದ್ಧ?" ಅಮಲ್ದಾರರು ಬೆಚ್ಚಿದರು.

"ಮಾವ ಅಳೀಂದು."

"ಎಷ್ಟು ದಿನ ಬೇಕು?"

"ಬುದ್ಧಿವಂತ ಅವ್ನೆ, ಒಂದು ಮಳೆಗಾಲ ಸಾಕು."

"ಗೌಡರೇ, ಆ ಯುದ್ಧ ಅಷ್ಟು ದಿನ ಕಾಯೋದಿಲ್ಲ" ಎಂದರು ಅಮಲ್ದಾರರು ನಿಟ್ಟುಸಿರಿಟ್ಟು.

ಮುಖ ತೊಳೆದುಕೊಳ್ಳಲೂ ಸಮಯವಾಗಲಿಲ್ಲ. ಹರಳೆಣ್ಣೆಯ ಇದ್ದಿಲು ನೀರಿಗೆ ಹೋಗುವಂಥದ್ದೂ ಅಲ್ಲ. ಪುಟ್ಟಮ್ಮ ಹುರಿಹಿಟ್ಟಿನ ಗಂಟನ್ನು ಅವನ ಮಡಿಲಿಗೆ ತುರುಕಿ, "ಇದ್ನಾದ್ರೂ ಅಗೀದಂಗೆ ತಿನ್ನಪ್ಪ" ಎಂದು ಹೇಳಿ ಒಳಗೆ ಹೋದವರು ಆಚೆ ಬರಲಿಲ್ಲ. ಕಾರು ಹುಣಸೂರಿನ ದಾರಿ ಹಿಡಿಯಿತು. ಅವತ್ತು ಆ ದಾರಿಯ ಊರುಗಳಲ್ಲೆಲ್ಲ, ಅಮಲ್ದಾರರು ಯಾವುದೋ ಅರಮನೆಯ ಬಾಗಿಲು ಕಾಯುವವನನ್ನೇ ಹಿಡಿದುಕೊಂಡು ಹೋದರು ಎಂದು ಸುದ್ದಿಯಾಯಿತಂತೆ.

ಆಮೇಲೆ ಬಹಳ ಕಾಲ ಏನೂ ತಿಳಿಯಲಿಲ್ಲ. ಚಿಕ್ಕೇಗೌಡರು ಆಟವನ್ನೇ ನಿಲ್ಲಿಸಿದರು. ದ್ವಾರಪಾಲಕನಿಲ್ಲದೆ ಆಟ ಆಡಬಾರದು ಎಂದೇನೂ ಇಲ್ಲ. ಕೇಳಿದವರಿಗೆ ಮದ್ದಲೆ ಹರಿದಿದೆ ಎನ್ನುತ್ತಿದ್ದರು.

ಎರಡು ಮೂರು ವರ್ಷದ ಮೇಲೆ ನಾನು ಯಾವುದೋ ಕೆಲಸಕ್ಕೆ ಹುಣಸೂರಿಗೆ ಹೋಗಿದ್ದೆ. ಬಸ್ಸು ನಿಲ್ಲುವ ಕಡೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಎದುರಿಗೆ ಕೂತಿದ್ದ ಸಿಪಾಯಿಯೊಬ್ಬ ಮಾತಿಗೆ ಸಿಕ್ಕ. ಹೆಗ್ಗಡದೇವನಕೋಟೆ ಕಡೆಯವನು, ನಂಜಪ್ಪ ಎಂದು ಹೆಸರು, ರಜದ ಮೇಲೆ ಬಂದವನು. ನಾನು ಬೆಟ್ಟದಪುರ ಎನ್ನುತ್ತಲೇ ಲೋಟ ಕೆಳಗಿಟ್ಟ.

"ನಿಮ್ಮೂರಲ್ಲಿ ಭಾಗವತ್ರು ಚಿಕ್ಕೇಗೌಡ್ರು ಅಂತ ಯಾರಾರ ಅವ್ರಾ?"

ಅವನ ಪಟಾಲಮನ್ನು ಬೊಂಬಾಯಿ ಸೀಮೆಯ ಒಂದು ಸೆರೆಶಿಬಿರದ ಕಾವಲಿಗೆ ಹಾಕಿದ್ದರಂತೆ. ಒಳಗೆ ಬರೀ ಬಿಳಿಯರು. ಒಂದು ಸಂಜೆ ಇವನು ಮುಳ್ಳುತಂತಿಯ ಹೊರಗೆ ಕೋವಿ ಹಿಡಿದು ನಿಂತಿದ್ದಾಗ ಒಳಗಿನಿಂದ ಕನ್ನಡ ಕೇಳಿಸಿತು.

"ಮೈ ಜುಮ್ ಅಂತು ಮೇಷ್ಟ್ರೇ. ಊರು ಬುಟ್ಟು ವರ್ಸ ಆಗಿತ್ತು. ಬಿಸ್ಕತ್ ಡಬ್ಬ ಬಡೀತಾವ್ರೆ, ಕಂಬ್ಳಿ ಒದ್ಕೊಂಡು ರಾಜ್ರು ಕುಣೀತಾವ್ರೆ. ಪಾತ್ರದೋರು ಒಬ್ರಿಗೂ ಕನ್ನಡ ಬರಾಕಿಲ್ಲ. ಏನೇಳ್ತಾವ್ರೆ ಅಂತ ಅವ್ರಿಗೇ ಗೊತ್ತಿಲ್ಲ. ಆದ್ರೂವೆ ಎಲ್ರೂ ಒಂದೇ ಜಾಗ್ದಲ್ಲಿ ಕೆಮ್ತಾರೆ!"

ಕನ್ನಡದಲ್ಲಿ ಮಾತಾಡಿಸಿದಾಗ ಆಡಿಸುತ್ತಿದ್ದವನು ತಂತಿಯ ಬಳಿಗೆ ಓಡಿಬಂದು, "ಎಲೈ ಕನ್ನಡ ದೇಶದ ವೀರನೇ!" ಎಂದನಂತೆ. ಬೆಟ್ಟದಪುರದ ಕಡೆಗೆ ಹೋದರೆ ಗುರುಗಳಿಗೆ ನಮಸ್ಕಾರ ಹೇಳು ಎಂದನಂತೆ. "ಒಂದೇ ಒಂದು ನಂಗೆ ಸರೋಗ್ಲಿಲ್ಲ" ಎಂದ ನಂಜಪ್ಪ. "ಕೊನೇಲಿ ಯುದ್ಧನೇ ಇಲ್ಲ. ಮಾವ, ಅಳಿಯ ಇಬ್ರೂ ಕುದ್ರೆ ಮರ್ತು ಪಕ್ಕದಲ್ಲಿ ಕುಂತ್ಕೊಂಡ್ರು. ಮಂಗಳ ಆಡ್ಬುಟ್ರು."

ಅವನನ್ನು ಅಲ್ಲಿಂದಲೇ ಬೆಟ್ಟದಪುರಕ್ಕೆ ಕರೆತಂದೆ. ಚಿಕ್ಕೇಗೌಡರು ಎಲ್ಲವನ್ನೂ ತಲೆ ಬಗ್ಗಿಸಿ ಕೇಳಿದರು. ಬಿಸ್ಕತ್ ಡಬ್ಬಕ್ಕೆ ನಕ್ಕರು. ಯುದ್ಧದ ಮಾತು ಬಂದಾಗ ಮುಖ ಸಪ್ಪಗಾಯಿತು.

"ಅದು ಅವ್ನ ತಪ್ಪಲ್ಲ" ಎಂದರು. "ನಾನು ಏಳ್ಕೊಡ್ನಿಲ್ಲ. ಇನ್ನಷ್ಟ್ ದಿನ ಇಟ್ಕಬೇಕು ಅಂತ ಏಳ್ಕೊಡ್ನಿಲ್ಲ. ಈಗ ಅಷ್ಟು ಜನದ ಮುಂದೆ ಅರ್ಧ ಆಟ ಆಡ್ತಾವ್ನೆ." ಎದ್ದು ಒಳಗೆ ಹೋಗಿ, ತಾಳವನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. "ನಿನ್ ರಜ ಮುಗಿಯದು ಯಾವತ್ತಪ್ಪಾ?" ಎಂದು ನಂಜಪ್ಪನನ್ನು ಕೇಳಿದರು.

ಮೈಸೂರು ದಾಟಿ ಗೊತ್ತಿಲ್ಲದ ಮುದುಕರು. ರೈಲು ಹತ್ತಿದವರಲ್ಲ. ನಾನು ಬೇಡವೆಂದೆ, ಯುದ್ಧಕಾಲ, ಸೆರೆಮನೆ, ಒಳಗೆ ಬಿಡುವುದಿಲ್ಲ ಎಂದೆ. ಪುಟ್ಟಮ್ಮ ನನ್ನ ಮಾತಿಗೆ ತಲೆಯಾಡಿಸುತ್ತಲೇ ಒಳಗೆ 'ಘರ್' ಎಂದು ರಾಗಿ ಬೀಸಲು ಶುರುಮಾಡಿದ್ದರು. ನಂಜಪ್ಪ ಹೊರಟ ದಿನ ಚಿಕ್ಕೇಗೌಡರೂ ಹೊರಟರು.

ತಿಂಗಳಾದ ಮೇಲೆ ವಾಪಸು ಬಂದರು. ಮುಖ ಕಂದಿತ್ತು, ಕಾಲು ಊದಿತ್ತು. ಜಗುಲಿಯ ಮೇಲೆ ಕೂರಿಸಿ ಬಿಸಿನೀರಿನಲ್ಲಿ ಕಾಲು ಇರಿಸಿ ಪುಟ್ಟಮ್ಮ ಅವರ ಮುಂದೆ ಕೂತರು. ನಾನೂ ಕೂತೆ. ಅವರು ಹೇಳಿದ್ದು ಹೀಗೆ.

ಶಿಬಿರದ ಇಂಗ್ಲಿಷ್ ಅಧಿಕಾರಿ ಇವರನ್ನು ತನ್ನ ಕೋಣೆಗೆ ಕರೆಸಿದ. ಈ ಮುದುಕ ಯಾರು ಎಂದು ನಂಜಪ್ಪನನ್ನು ಕೇಳಿದ. ಒಳಗಿರುವ ಒಬ್ಬ ಸೆರೆಯಾಳಿಗೆ ಮೇಷ್ಟ್ರು ಎಂದ ನಂಜಪ್ಪ. ಈಗ ಯಾಕೆ ಬಂದಿದ್ದಾನೆ? ನಂಜಪ್ಪನಿಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು. ಇದ್ದುದನ್ನು ಇದ್ದ ಹಾಗೆ ಹೇಳಿದ: "ಅವನಿಗೆ ಯುದ್ಧ ಮಾಡುವುದನ್ನು ಕಲಿಸಲು." ಅಧಿಕಾರಿ ಪಿಸ್ತೂಲಿನ ಮೇಲೆ ಕೈ ಇಟ್ಟ. ಬಾಗಿಲಿಗೆ ಇಬ್ಬರು ಕೋವಿಯವರು ಬಂದು ನಿಂತರು. ಟವಲಿನಲ್ಲಿ ಸುತ್ತಿರುವುದು ಏನು, ಬಿಚ್ಚು ಎಂದರು. ಬಿಚ್ಚಿದಾಗ ತಾಳ ಸಿಕ್ಕಿತು. ಇದು ಏನು ಎಂದು ಕೇಳಿದ್ದಕ್ಕೆ ಚಿಕ್ಕೇಗೌಡರು ಬಾಯಲ್ಲಿ ಹೇಳುವ ಬದಲು ತಾಳ ಕೈಗೆತ್ತಿಕೊಂಡು, ಅಲ್ಲೇ, ಅಧಿಕಾರಿಯ ಮೇಜಿನ ಮುಂದೆ, ಮಾವರಾಜ ರಣರಂಗಕ್ಕೆ ಇಳಿಯುವ ಪದವನ್ನು ಎತ್ತಿದರು. ಕುಣಿದೂ ತೋರಿಸಿದರು. ಮೇಜಿನ ಮೇಲಿದ್ದ ಮಸಿಕುಡಿಕೆ ಉರುಳಿತು. ಪೂರ್ತಿ ಮುಗಿಯುವವರೆಗೂ ಅಧಿಕಾರಿ ಪಿಸ್ತೂಲಿನಿಂದ ಕೈ ತೆಗೆಯಲಿಲ್ಲ. ಮುಗಿದ ಮೇಲೆ ಕೈ ತೆಗೆದು ಹಣೆ ಒರೆಸಿಕೊಂಡ. ಒಂದು ವಾರದ ಮಟ್ಟಿಗೆ, ದಿನಾ ಮಧ್ಯಾಹ್ನ, ತಂತಿಯ ಆಚೆ ಈಚೆ ಕೂತು ಪಾಠ ಮಾಡಿಕೊಳ್ಳಬಹುದು ಎಂದ.

"ಒಂದು ಮಳೆಗಾಲದ್ದು ಒಂದು ವಾರದಲ್ಲಿ ಕಲ್ತನಾ?" ಎಂದೆ.

"ಕಲ್ತ. ಒಂದು ಪೆಟ್ಟೂ ತಪ್ಪಲಿಲ್ಲ. ಕಲಿತಾಯ್ತು ಕಣ್ಲಾ, ಇನ್ನು ನಿನ್ಗೆ ಏಳ್ಕೊಡಾಕೆ ನನ್ತಾವ ಏನೂ ಉಳಿದಿಲ್ಲ ಅಂದೆ. ನೆಲಕ್ಕೆ ಅಣೆ ಮುಟ್ಟಿಸ್ದ."

"ಸಣ್ಣಗಾಗವ್ನಾ?" ಎಂದರು ಪುಟ್ಟಮ್ಮ.

"ಆಗವ್ನೆ. ಬುಡು, ಅಲ್ಲಿ ಎಲ್ರೂ ಅಂಗೇ ಅವ್ರೆ." ಚಿಕ್ಕೇಗೌಡರು ಬಿಸಿನೀರಿನಲ್ಲಿ ಕಾಲು ಅಲ್ಲಾಡಿಸಿದರು. "ಇನ್ಮ್ಯಾಕೆ ಪೂರ್ತಿ ಆಟ ಆಡು, ಯುದ್ಧ ಸೇರ್ಸು ಅಂದೆ. ಇಲ್ಲ ಅಂದ. ಅವ್ನ ಮೇಳದಲ್ಲಿ ಮಾವನ್ ವೇಸದೋನಿಗೆ ಊರಲ್ಲಿ ಮನೆ ಉಳಿದಿಲ್ವಂತೆ. ಅಳಿಯನ ವೇಸದೋನ ತಮ್ಮ ಯುದ್ಧದಾಗೆ ಓಗ್ಬುಟ್ನಂತೆ. ಅವ್ರು ಕತ್ತಿ ಇಡಿಯಾಕಿಲ್ಲ ಅಂತಾರಂತೆ, ಮರದ್ದಾದ್ರೂವೆ. ನಂಗೆ ಸಿಟ್ಟು ಬಂತು. ಆಡ್ದೇ ಇರದಾದ್ರೆ ಕಲ್ತಿದ್ದ್ಯಾಕ್ಲಾ ಅಂತ ಕೇಳ್ದೆ."

"ಅದಕ್ಕೆ ಏನಂದ?"

ದೊರೆ ಅದನ್ನು ವಚನದಲ್ಲಿ ಹೇಳಲಿಲ್ಲವಂತೆ. ಕೈ ಎತ್ತಲಿಲ್ಲ, ಎದೆ ಸೆಟೆಸಲಿಲ್ಲ. ತಂತಿಯ ಆ ಕಡೆ ಕೂತು, ನಮ್ಮ ಊರಿನ ಯಾವ ಹುಡುಗನಾದರೂ ಹೇಳುವಂತೆ ಹೇಳಿದನಂತೆ:

"ನೀವು ಅಷ್ಟು ದೂರದಿಂದ ಬಂದಿದ್ರಲ್ಲ, ಅದ್ಕೇಯ."